ಹೈದರಾಬಾದಿಗೆ ಒಂದು ಗಂಟೆ

ಈರೇಶನಿಗೆ ಶಾಂತಕುಮಾರಿಯನ್ನು ಕಂಡರೆ ಆಗುತ್ತಿರಲಿಲ್ಲ, ಶಾಂತಕುಮಾರಿಗೂ ಅಷ್ಟೇ. ದೊಮ್ಮಲೂರಿನ ಖಾಸಗಿ ಕಂಪನಿಯೊಂದರಲ್ಲಿ ಆಕೆ ಮ್ಯಾನೇಜರು, ಸೇಡಂ ಕಡೆಯಿಂದ ಬಂದ ಈರೇಶ ಆಕೆಯ ಕಾರಿನ ಡ್ರೈವರು. ಇಂದಿರಾನಗರದ ಮನೆಯಿಂದ ಕಚೇರಿಯವರೆಗೆ "ನಿಧಾನ", "ಹೂಂರಿ" ಬಿಟ್ಟರೆ ಮಾತಿರಲಿಲ್ಲ. ಆದರೂ 2004ರಲ್ಲಿ ಅವನು ಹಲ್ಲು ಕಚ್ಚಿಕೊಂಡಿದ್ದ. ಅವನ ನೌಕರಿ ಖಾಯಂ ಆಗಲು ಆಕೆಯ ಸಹಿ ಬೇಕಿತ್ತು. ಸಹಿ ಬಿದ್ದರೆ ಇ.ಎಸ್.ಐ. ಕಾರ್ಡು, ಕಾರ್ಡು ಬಂದರೆ ತುಂಬು ಬಸುರಿ ಹೆಂಡತಿ ಪೀರಮ್ಮನ ಹೆರಿಗೆ ಖರ್ಚಿಲ್ಲದೆ ದೊಡ್ಡ ಆಸ್ಪತ್ರೆಯಲ್ಲಿ.

ಒಂದು ಸಂಜೆ ಕಾರಿಳಿಯುತ್ತಾ ಆಕೆ, "ನಾಳೆ ಏರ್‌ಪೋರ್ಟು. ಹೈದರಾಬಾದಲ್ಲಿ ಮೀಟಿಂಗು" ಎಂದಳು.

"ವಿಮಾನ ಎಷ್ಟ್ರೀ ಮೇಡಂ?"

ಇವನಿಗೇಕೆ ಆ ವಿಚಾರವೆಂಬಂತೆ ನೋಡಿದಳು. "ರೋಡಲ್ಲಾದ್ರೆ ಐನೂರೆಪ್ಪತ್ತು ಕಿಲೋಮೀಟ್ರು. ಫ್ಲೈಟು ಒಂದು ಗಂಟೆ."

ಈರೇಶ ಬೆಂಗಳೂರಿಗೆ ಬಂದು ವರ್ಷ ತುಂಬಿರಲಿಲ್ಲ. ಅವನ ಊರಿನಲ್ಲಿ ಪ್ರಯಾಣಕ್ಕೆ ಹಿಡಿಯುವುದು ತಾಸು. ಗಂಟೆ ಎಂದರೆ ಗಡಿಯಾರ ತೋರಿಸುವುದು. ವಿಮಾನ ಮಧ್ಯಾಹ್ನ ಒಂದಕ್ಕೆ ಎಂದುಕೊಂಡು ತಲೆಯಾಡಿಸಿದ.

ಮರುದಿನ ಕಾರು ತೊಳೆದು ಹನ್ನೊಂದಕ್ಕೆ ಆಕೆಯ ಮನೆಯ ಗೇಟಿನ ಮುಂದೆ ನಿಲ್ಲಿಸಿದಾಗ ಶಾಂತಕುಮಾರಿ ಸೂಟ್‌ಕೇಸಿನೊಂದಿಗೆ ಆಟೋದಿಂದ ಇಳಿಯುತ್ತಿದ್ದಳು. ವಿಮಾನ ಒಂಬತ್ತೂವರೆಗೇ ಹಾರಿತ್ತು. ಅವನನ್ನು ಕಾದು ಸಾಕಾಗಿ ಆಟೋ ಹಿಡಿದವಳು ದೊಮ್ಮಲೂರಿನ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿ, ಏರ್‌ಪೋರ್ಟಿನಲ್ಲಿ ಮುಚ್ಚಿದ ಕೌಂಟರ್ ನೋಡಿಕೊಂಡು ಮರಳಿದ್ದಳು.

"ಎಲ್ಲಿ ಹಾಳಾಗ್ ಹೋಗಿದ್ದೆ?"

"ಒಂದಕ್ಕ ಅಲ್ರೀ ವಿಮಾನ? ಇನ್ನಾ ಎರಡು ತಾಸ್ ಅದ."

"ಯಾವೋನು ಹೇಳ್ದ ಒಂದಕ್ಕೆ ಅಂತ?"

"ನೀವ ಹೇಳೀರಿ. ಒಂದು ಗಂಟೆ ಅಂತ."

"ಹಾರೋದು ಒಂದ್ ಗಂಟೆ ಕಣಯ್ಯಾ! ಹೊರಡೋದಲ್ಲ!"

"ಹಂಗಿದ್ರ ಒಂದು ತಾಸು ಅನಬೇಕಿತ್ರೀ."

"ನಿಮ್ಮೂರ ಭಾಷೆ ನಾನು ಕಲೀಬೇಕಾ? ಕನ್ನಡ ಬರದೋರನ್ನೆಲ್ಲ ತಂದು ನನ್ನ ತಲೆಗೆ ಕಟ್ತಾರೆ!"

ಈರೇಶನ ಕಿವಿ ಕಾದವು. "ಕನ್ನಡ ನಂಗ ಬರ್ತದರೀ. ನಿಮಗ ಎಷ್ಟ್ ಬರ್ತದ, ನೋಡ್ಕೋರಿ."

ಕಚೇರಿಗೆ ಹೋಗುವಾಗ ಆಕೆಯ ದನಿ ತಣ್ಣಗಾಗಿತ್ತು. "ಮೀಟಿಂಗ್ ಯಾಕೆ ತಪ್ತು ಅಂತ ದೊಡ್ಡ ಸಾಹೇಬರು ಫೋನಲ್ಲಿ ನಿನ್ನ ಕೇಳ್ತಾರೆ. ಕ್ಲಚ್ ಹೋಯ್ತು ಅನ್ನು. ಸಹಿ ನನ್ನ ಕೈಲಿದೆ, ಗೊತ್ತಲ್ಲ?"

ಗಾಡಿ ಕೆಟ್ಟಿತೆಂದರೆ, ಗಾಡಿ ನೋಡಿಕೊಳ್ಳದ ಡ್ರೈವರ್ ಎಂಬ ಹೆಸರು ತನಗೇ. ಆಮೇಲೆ ಈಕೆ ಸಹಿ ಹಾಕುತ್ತಾಳೆಂಬ ನಂಬಿಕೆಯೂ ಅವನಿಗಿರಲಿಲ್ಲ. ಫೋನ್ ಬಂತು. ಶಾಂತಕುಮಾರಿ ಎದುರಿಗೇ ನಿಂತಿದ್ದಳು.

"ಗಾಡಿಗೇನೂ ಆಗಿಲ್ರೀ ಸಾಹೇಬ್ರ," ಎಂದ ಈರೇಶ. "ಎಷ್ಟಕ್ಕ ಬಾ ಅಂತ ಮೇಡಮ್ಮೋರು ನೆಟ್ಟಗ ಹೇಳಲಿಲ್ಲ. ನಾನೂ ತಿರುಗಿ ಕೇಳಲಿಲ್ಲ."

ಆಕೆ ರಿಸೀವರ್ ಕಿತ್ತುಕೊಂಡಳು. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದಳು, ಹೆಚ್ಚಾಗಿ ಬೈಸಿಕೊಂಡಳು. ಫೋನಿಟ್ಟು, ಅವನ ಕಡೆ ನೋಡದೆ, "ಕೀ ಇಟ್ಟು ಹೋಗು. ನಾಳೆಯಿಂದ ನಿನ್ನ ಮುಖ ತೋರಿಸ್ಬೇಡ" ಎಂದಳು.

"ನಿಮ್ಮ ಮುಖ ನೋಡೋ ಆಸಿ ನನಗೂ ಇಲ್ರೀ."

ಮುರುಗೇಶಪಾಳ್ಯದ ಬಾಡಿಗೆ ಕೋಣೆಯಲ್ಲಿ ಪೀರಮ್ಮ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿದ ಮೇಲೂ ಅವಳ ಕೈ ನಿಲ್ಲಲಿಲ್ಲ.

"ಗಾಡಿ ಮಾನ ಉಳಿಸಿ ಬಂದಿ," ಎಂದಳು. "ಚಲೋ ಆತು. ನನ್ನ ಹೆರಿಗಿ ಅದರಾಗ ಮಾಡಸ್ತಿ ಏನು?"

"ಸುಳ್ಳು ಹೇಳಬೇಕಿತ್ತ?"

"ಹೇಳಿದ್ರ ನಾಲಿಗಿ ಸವೀತಿತ್ತೇನು? ಆಕಿ ಮ್ಯಾಲಿನ ಸಿಟ್ಟು ನಿನಗ ನನಗಿಂತ ದೊಡ್ಡದಾತು."

ಅದು ಸುಳ್ಳೆಂದು ಹೇಳಲು ಬಾಯಿ ತೆರೆದ ಈರೇಶ. ಫೋನ್ ಹಿಡಿದಾಗ ಎದುರಿಗೆ ನಿಂತಿದ್ದ ಶಾಂತಕುಮಾರಿಯ ಮುಖ ಕಣ್ಣ ಮುಂದೆ ಬಂತು. ಪೀರಮ್ಮ ರೊಟ್ಟಿಯ ತಟ್ಟೆಯನ್ನು ಅವನ ಮುಂದೆ ತಳ್ಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.