ಭುಜದ ಮೇಲೇಳದ ಬಲಗೈ

1955. ರಾಜ್ಯ ಒಂದಾಗಲು ಇನ್ನೂ ಒಂದು ವರ್ಷವಿತ್ತು. ನಾನಾಗ ಇಳಕಲ್ಲಿನ ಸಣ್ಣ ದವಾಖಾನೆಯೊಂದರಲ್ಲಿ ಡಾಕ್ಟರ್. ಅನಾಟಮಿಯ ಹೆಸರುಗಳೆಂದರೆ ನನಗೆ ಹುಚ್ಚು. ಭುಜದ ದಪ್ಪ ಸ್ನಾಯು ಗ್ರೀಕರ ಮುಕ್ಕೋನದ ಅಕ್ಷರ ಡೆಲ್ಟಾದಂತಿದೆ, ಅದಕ್ಕೇ ಡೆಲ್ಟಾಯ್ಡ್. ಕುತ್ತಿಗೆಯಿಂದ ಬೆನ್ನಿಗಿಳಿಯುವ ಎಡಬಲದ ಸ್ನಾಯುಗಳು ಸೇರಿದರೆ ನಾಲ್ಕು ಮೂಲೆಯ ಆಕಾರ, ಅದಕ್ಕೇ ಟ್ರಪೀಜಿಯಸ್. ಊರಿನವರಿಗೆ ಎಲ್ಲವೂ ಒಂದೇ, ಹೆಗಲು.

ಒಂದು ಮುಂಜಾನೆ ನೇಕಾರರ ಮನೆಯ ನೀಲವ್ವ ತನ್ನ ಸೊಸೆ ಗಂಗವ್ವನನ್ನು ಎಳೆದುಕೊಂಡೇ ಬಂದಳು.

"ಹಿರ್ಯಾರು ಬಂದ್ರ ತಲಿಮ್ಯಾಲ ಸೆರಗಿಲ್ಲರಿ ಈಕಿಗೆ! ಹೊದ್ಕೋ ಅಂದ್ರ ಎಡಗೈಲೆ ಎಳ್ಕೋತಾಳ, ಹಿರ್ಯಾರ ಮುಂದ ಎಡಗೈ ಮಾಡಬಾರ್ದರಿ. ಬಲಗೈ ಏಳವಲ್ದು ಅಂತಾಳ. ಸೊಕ್ಕರಿ, ಬರೇ ಸೊಕ್ಕು! ಖರೇನ ಬ್ಯಾನಿ ಇದ್ರ ಹೇಳ್ರಿ. ಇಲ್ಲಾಂದ್ರ ಇವತ್ತ ತವರಿಗೆ ಕಳಸ್ತೇನಿ, ಹೊಳ್ಳಿ ಕರಕೊಳ್ಳಂಗಿಲ್ಲ."

ಗಂಗವ್ವ ನೆಲ ನೋಡುತ್ತ ನಿಂತಿದ್ದಳು. ಕೈ ಎತ್ತಿಸಿದೆ. ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಡೆಲ್ಟಾಯ್ಡ್ ಗಟ್ಟಿಮುಟ್ಟಾಗಿತ್ತು. ಆದರೆ ಕೈ ಇನ್ನೂ ಮೇಲೇರಬೇಕಾದರೆ ಬೆನ್ನಿನ ಹಲಗೆ ಎಲುಬನ್ನು ಟ್ರಪೀಜಿಯಸ್ ತಿರುಗಿಸಿಕೊಡಬೇಕು. ಅದು ಸೊರಗಿ, ಹೆಗಲು ಜೋತುಬಿದ್ದಿತ್ತು. ಕುತ್ತಿಗೆಯ ಬಲಬದಿಗೆ ಸುಟ್ಟ ಕಲೆ.

"ಇದೇನವ್ವಾ?"

"ಹ್ವಾದ ವರ್ಷ ಗಂಟಾಗಿದ್ವರಿ. ನಾನ ಬರಿ ಹಾಕಿಸೀನಿ," ಎಂದಳು ನೀಲವ್ವ, ಹೆಮ್ಮೆಯಿಂದಲೇ. "ಕರಗಿ ಹ್ವಾದ್ವು ನೋಡ್ರಿ."

ಟ್ರಪೀಜಿಯಸ್ಸನ್ನು ಆಡಿಸುವ ನರ ಅಲ್ಲೇ ಚರ್ಮದ ಕೆಳಗೆ ಹಾಯುತ್ತದೆ. ಕಾದ ಕಬ್ಬಿಣ ಅದನ್ನು ಸುಟ್ಟಿತ್ತು. ಅಯ್ಯೋ ಶಿವನೇ, ಈ ಹೆಂಗಸಿಗೆ ಹೇಗೆ ಹೇಳಲಿ? ಹೇಳದಿದ್ದರೆ ಆ ಹುಡುಗಿಯ ಸಂಸಾರ ಮುರಿಯುತ್ತಿತ್ತು. ಹೇಳಿದೆ.

ನೀಲವ್ವ ಸೊಸೆಯ ಕುತ್ತಿಗೆಯ ಕಲೆ ಮುಟ್ಟಿ ನೋಡಿದಳು. "ನೆಟ್ಟಗ ಮಾಡ್ರಿ, ಸಾಹೇಬ್ರ," ಎಂದಳು.

"ಇನ್ನ ಆಗಂಗಿಲ್ಲವ್ವಾ."

ಆಕೆ ಸೊಸೆಯ ತಲೆಗೆ ತಾನೇ ಸೆರಗು ಹೊದಿಸಿದಳು. "ನಡಿ ನಮ್ಮವ್ವ, ಮನಿಗೆ ಹೋಗೂಣು," ಎಂದಳು.

ಆಮೇಲೆ ಹಿರಿಯರು ಬಂದಾಗಲೆಲ್ಲ ಅತ್ತೆಯೇ ಮಗ್ಗದಿಂದೆದ್ದು ಬಂದು ಸೊಸೆಗೆ ಸೆರಗು ಹೊದಿಸುವಳು. ಓಣಿಯವರು ನಕ್ಕರೆ ಅವರ ಮೂರು ತಲೆಮಾರಿನ ಗ್ರಹಚಾರ ಬಿಡಿಸುವಳು.

1959ರಲ್ಲಿ ನೀಲವ್ವ ತೀರಿಕೊಂಡಳು. ನಾನೂ ಹೋದೆ. ನಮ್ಮ ಕಡೆಯ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಪಕ್ಕದಲ್ಲಿ ಗಂಗವ್ವ, ಅತ್ತು ಅತ್ತು ಸೆರಗು ಜಾರಿತ್ತು. ಅಷ್ಟರಲ್ಲಿ ಓಣಿಯ ಹಿರಿಯರು ಒಳಗೆ ಬಂದರು. ಆಕೆ ರೂಢಿಯಂತೆ ಅತ್ತೆಯ ಕಡೆಗೆ ತಲೆ ಬಾಗಿಸಿದಳು, ಹೊದಿಸಲೆಂದು. ಬಾಗಿಸಿಕೊಂಡೇ ಕುಳಿತಳು. ನನಗೆ ಅಳು ತಡೆಯಲಾಗಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೂ ಕೈನೋವೆಂದು ಯಾವ ಹೆಂಗಸೇ ಬರಲಿ, ಸ್ನಾಯುವಿನ ಹೆಸರು ನೆನೆಯುವ ಮೊದಲು ಒಂದು ಮಾತು ಕೇಳುತ್ತಿದ್ದೆ: "ಈ ಕೈಲೆ ಮನ್ಯಾಗ ಏನೇನ್ ಮಾಡ್ತಿದ್ದಿ, ಹೇಳವ್ವಾ."