ಖಾಲಿ ಮೊಳೆ

ಯುದ್ಧವಿಮಾನ ಬಿತ್ತೆಂದು ಟಿವಿಯಲ್ಲಿ ಬಂದರೆ ಸಾಕು, ಮಳವಳ್ಳಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಮರಿಸಿದ್ದಯ್ಯ ಹಾಜರು. ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತನಾದ ಆಸಾಮಿ. ಯಾರಾದರೂ ‘ಪೈಲಟ್ಟೇ ತಪ್ಪು ಮಾಡಿರ್ತಾನೆ’ ಅಂದರೋ, ಲೋಟ ಕುಕ್ಕಿ ಎದ್ದುಬಿಡುತ್ತಾನೆ: ‘ಸತ್ತೋನು ಬಂದು ಮಾತಾಡಕಿಲ್ಲ ಅಂತ ಅವ್ನ ತಲೆಗೇ ಕಟ್ತೀರೇನ್ಲಾ? ರಣಹದ್ದು ಬಡ್ದು ಬಿದ್ದವೆ, ಮಂಜಲ್ಲಿ ಬೆಟ್ಟ ಕಾಣ್ದೆ ಬಿದ್ದವೆ, ಎಂಜಿನ್ ಕೆಟ್ಟು ಬಿದ್ದವೆ!’ ಬೋರ್‌ವೆಲ್ ಮೋಟಾರು ರಿಪೇರಿಗೆ ಕರೆದರೂ ಟವೆಲ್ ಹಾಸಿ ಸ್ಪ್ಯಾನರುಗಳನ್ನು ಎಣಿಸಿಡುತ್ತಾನೆ. ಕೆಲಸ ಮುಗಿದ ಮೇಲೆ ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ, ಬೆಳೆ ಒಣಗಿದರೂ ಸರಿಯೇ, ಸ್ವಿಚ್ಚು ಹಾಕಗೊಡುವುದಿಲ್ಲ. ಮನೆಯಲ್ಲೂ ವಾಯುಸೇನೆಯದೇ ರೂಢಿ: ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದು, ಮೊಳೆ ಹೊಡೆದು, ಅಲ್ಲಲ್ಲೇ ನೇತುಹಾಕಿದ್ದಾನೆ, ಯಾವುದು ಇಲ್ಲವೆಂದು ನೋಡಿದ ಕೂಡಲೇ ತಿಳಿಯಬೇಕು. ಒಂದು ಸ್ಕ್ರೂಡ್ರೈವರಿನ ಜಾಗ ಮಾತ್ರ ಯಾವತ್ತೂ ಖಾಲಿ. ನೋಡಿ ನೋಡಿ ಸಾಕಾದ ಹೆಂಡತಿ ವನಜಾ, ಮದ್ದೂರಿನಿಂದ ಹೊಸದೊಂದನ್ನು ತಂದು ಆ ಮೊಳೆಗೆ ತೂಗುಹಾಕಿದಳು. ರೇಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಅದನ್ನು ಮೆಲ್ಲಗೆ ತೆಗೆದು ಅವಳ ಕೈಗಿಟ್ಟ. ‘ಕಳ್ದೋಗದೆ ಅನ್ಕಂಡಿದ್ಯಾ? ಸಿಕ್ತು ಕಣಮ್ಮಿ,’ ಅಂದ. ‘ನಾನು ರಿಪೇರಿ ಮಾಡಿದ್ದ ವಿಮಾನ ಬಿದ್ದ ಗದ್ದೇಲಿ, ಬೂದಿ ಒಳ್ಗೆ.’