ಶಟರ್ ಹಿಂದಿನ ಅಕ್ವೇರಿಯಂ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ಚಾಮರಾಜಪೇಟೆ, ಬಸವನಗುಡಿ ಸುತ್ತಮುತ್ತಲಿನ ಮನೆ, ಕ್ಲಿನಿಕ್, ಅಂಗಡಿಗಳ ಅಕ್ವೇರಿಯಂ ನೋಡಿಕೊಳ್ಳುವ ಕೆಲಸಕ್ಕೆ ನಾನು ಇಳಿದು ಆಗ ಹದಿನಾಲ್ಕು ವರ್ಷವಾಗಿತ್ತು. ಮೀನಿನ ಜೊತೆಗೆ ಜೀವಂತ ನೀರುಗಿಡಗಳನ್ನೂ ಬೆಳೆಸುವ ‘ಪ್ಲಾಂಟೆಡ್ ಟ್ಯಾಂಕ್’ ನನ್ನ ವಿಶೇಷ. ಗಿಡ ದಟ್ಟವಾಗಿ ಬೆಳೆಯಬೇಕಾದರೆ ನೀರಿಗೆ ಸಣ್ಣ ಗುಳ್ಳೆಗಳಾಗಿ ಕಾರ್ಬನ್ ಡೈಆಕ್ಸೈಡ್ ಬಿಡಬೇಕು. ಅದಕ್ಕಾಗಿ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಐದು ಕೆಜಿಯ ಗ್ಯಾಸ್ ಸಿಲಿಂಡರ್ ಇಡುತ್ತೇವೆ.

ಅಕ್ಕಿಪೇಟೆಯಲ್ಲಿ ಬೇಳೆಕಾಳಿನ ಸಗಟು ವ್ಯಾಪಾರ ನಡೆಸುತ್ತಿದ್ದ ಗಂಗಮ್ಮನವರ ಅಂಗಡಿಯಲ್ಲಿ ಅಂಥದೊಂದು ನಾಲ್ಕಡಿ ಟ್ಯಾಂಕ್ ಇತ್ತು. ಅವರಿಗೆ ಅರವತ್ತೆಂಟು ವರ್ಷ, ಎರಡೂ ಮಂಡಿ ನೋವು. ನೆಲದ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದ ಅವರ ಪಕ್ಕದ ಗೂಡಿನಲ್ಲಿ ಇಷ್ಟಲಿಂಗ ಪೂಜೆಯ ದೀಪ ದಿನವಿಡೀ ಉರಿಯುತ್ತಿತ್ತು. ಕಲ್ಲಿನ ಗೋಡೆಯ ಆ ಕೋಣೆಗೆ ಕಿಟಕಿಯಿರಲಿಲ್ಲ. ಮನೆ ಪಾಲಾದಾಗ ಹಿಂಬಾಗಿಲನ್ನೂ ಇಟ್ಟಿಗೆಯಿಟ್ಟು ಮುಚ್ಚಿದ್ದರು.

ಮಧ್ಯಾಹ್ನ ಎರಡಕ್ಕೆ ಕೆಲಸದವರು ಊಟಕ್ಕೆ ಹೋದ ಮೇಲೆ, ಬೀದಿಯ ದೂಳು ಬರದಿರಲೆಂದು ಅವರು ಮೋಟಾರಿನ ಶಟರ್ ಇಳಿಸುತ್ತಿದ್ದರು. ಅವತ್ತು ಸಿಲಿಂಡರ್ ಬದಲಿಸಲು ಬಂದ ನಾನೂ ಒಳಗಿದ್ದೆ. ಶಟರ್ ಇಳಿದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಶಟರನ್ನು ಕೈಯಿಂದ ಎತ್ತುವ ಸರಪಳಿ ತುಂಡಾಗಿ ತಿಂಗಳುಗಳೇ ಆಗಿದ್ದವು.

“ಬರತ್ತೆ ಬಿಡಪ್ಪ. ನೀನು ನಿನ್ ಕೆಲ್ಸ ಮಾಡ್ಕೊ,” ಎಂದರು ಗಂಗಮ್ಮ.

ಬ್ಯಾಟರಿ ದೀಪದ ಬೆಳಕಿನಲ್ಲಿ ನಾನು ಖಾಲಿ ಸಿಲಿಂಡರ್ ತೆಗೆದು ತುಂಬಿದ್ದನ್ನು ಕೂರಿಸಿದೆ. ಜೋಡಣೆಯಲ್ಲಿ ಗ್ಯಾಸ್ ಸೋರದಂತೆ ಹಾಕುವ ಹೊಸ ವಾಷರ್ ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಹಳೆಯದೇ ಒಂದು ತಿಂಗಳು ತಡೆಯುತ್ತದೆ ಎಂದುಕೊಂಡು ಅದನ್ನೇ ಹಾಕಿದೆ. ವಾಲ್ವ್ ತಿರುಗಿಸುತ್ತಿದ್ದಂತೆ ಬುಸ್ಸೆಂದು ಗ್ಯಾಸ್ ಸೋರತೊಡಗಿತು. ಮುಚ್ಚಲು ಹೋದರೆ ವಾಲ್ವಿನ ತಿರುಪು ಸವೆದು ಸುಮ್ಮನೆ ಗಿರಗಿರನೆ ತಿರುಗಿತು. ಸ್ಪ್ಯಾನರ್ ಹಾಕಿ ಬಿಗಿದರೂ ನಿಲ್ಲಲಿಲ್ಲ.

ಈ ಅನಿಲ ಗಾಳಿಗಿಂತ ಭಾರ, ಮೊದಲು ನೆಲದ ಮಟ್ಟದಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ. ಅದು ನೆನಪಾಗಿ ತಿರುಗಿ ನೋಡುವಷ್ಟರಲ್ಲಿ ಗೂಡಿನ ದೀಪ ಕುಗ್ಗಿ ಆರಿತು. ಗಂಗಮ್ಮ ಅದರ ಪಕ್ಕದಲ್ಲೇ ಕೂತಿದ್ದರು, ಉಸಿರು ಜೋರಾಗಿತ್ತು.

“ಅಮ್ಮ, ಮೇಲೇಳಿ. ನೆಲದ ಹತ್ರ ಇರ್ಬೇಡಿ.”

“ನನ್ ಕೈಲಾಗಲ್ಲ ಮಂಜುನಾಥ.”

ತೋಳಿಗೆ ಕೈಕೊಟ್ಟು ಎಬ್ಬಿಸಿ, ಬೇಳೆ ಮೂಟೆಗಳನ್ನು ಮೆಟ್ಟಿಲು ಮಾಡಿ, ಗೋಡೆಯಂಚಿನ ಎತ್ತರದ ಮೂಟೆರಾಶಿಯ ಮೇಲೆ ಹತ್ತಿಸಿದೆ. ನೋವಿಗೆ ಅವರು ಹಲ್ಲುಕಚ್ಚಿ ಹತ್ತಿದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಶಟರ್ ಬಡಿದು ಕೂಗಿದೆ. ಪಕ್ಕದಂಗಡಿಯ ಜನರೇಟರ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಎತ್ತಲು ನೋಡಿದರೆ ಶಟರ್ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ನನ್ನ ತಲೆ ಭಾರವಾಗಿ, ಕಣ್ಣು ಮಂಜಾಗುತ್ತಿತ್ತು. ನಾಲ್ಕು ಗೋಡೆಗಳು ಹತ್ತಿರ ಬಂದಂತೆ ಅನಿಸಿ, ಮೊದಲ ಬಾರಿಗೆ ಇಲ್ಲೇ ಸಾಯುತ್ತೇನೆಂಬ ಭಯವಾಯಿತು.

ಸವೆದ ಹೊಸ್ತಿಲಿಗೂ ಶಟರಿಗೂ ನಡುವೆ ಒಂದು ಮೂಲೆಯಲ್ಲಿ ಎರಡು ಬೆರಳಿನಷ್ಟು ಸಂದಿಯಿತ್ತು. ಸಿಲಿಂಡರನ್ನು ಎಳೆದು ತಂದು, ಸೋರುವ ಬಾಯಿಯನ್ನು ಆ ಸಂದಿಗೆ ತಿರುಗಿಸಿ ಮಲಗಿಸಿದೆ. ಆಮೇಲೆ ನೀರು ಬದಲಿಸುವ ಸೈಫನ್ ಪೈಪು ಕಣ್ಣಿಗೆ ಬಿತ್ತು. ಮುಚ್ಚಿದ ಅಂಗಡಿಯಿಂದ ಬೀದಿಗೆ ನೀರು ಹರಿದರೆ ಪೇಟೆಯಲ್ಲಿ ಯಾರಾದರೂ ಕೇಳದೆ ಇರುವುದಿಲ್ಲ.

“ಅಮ್ಮ, ಟ್ಯಾಂಕ್ ಖಾಲಿ ಮಾಡ್ತೀನಿ.”

ಮೂರು ವರ್ಷ ಬೆಳೆಸಿದ ಟ್ಯಾಂಕ್ ಅದು. ಒಂದು ಕ್ಷಣ ಅವರು ಅದನ್ನೇ ನೋಡಿದರು.

“ಮಾಡು. ಮೀನಿಗೆ ಒಂದ್ ಗೇಣು ನೀರು ಬಿಡಪ್ಪ.”

ಪೈಪಿನ ಒಂದು ತುದಿ ನೀರಿಗಿಳಿಸಿ ಬಾಯಲ್ಲಿ ಎಳೆದೆ. ನೀರು ಬಂದೊಡನೆ ಉಸಿರು ಕಟ್ಟಿಕೊಂಡು ಬಗ್ಗಿ, ಇನ್ನೊಂದು ತುದಿಯನ್ನು ಸಂದಿಯಿಂದ ಹೊರಗೆ ತೂರಿಸಿ ಮೂಟೆ ಹತ್ತಿ ಅವರ ಪಕ್ಕ ಕೂತೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಟ್ಯಾಂಕಿನ ನೀರು ಇಳಿದಂತೆ ಗಿಡಗಳು ಒಂದರ ಮೇಲೊಂದು ಬಾಗಿ ಬೀಳುವುದನ್ನು ನೋಡುತ್ತಿದ್ದೆವು.

ಅರ್ಧ ನೀರು ಹೋಗಿರಬೇಕು. ಹೊರಗಿನಿಂದ ಪಕ್ಕದಂಗಡಿಯ ಬಸವರಾಜು ಬೈಯುವುದು ಕೇಳಿಸಿತು.

“ಯಾರ್ರೀ ಒಳಗೆ? ಅಕ್ಕಿ ಮೂಟೆಯೆಲ್ಲಾ ನೆನೀತಿದೆ.”

ನಾನು ಇದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದೆ. ಹಮಾಲಿಗಳು ಹಾರೆ ತಂದು ಶಟರಿನ ತಳ ಮೀಟಿ ಮೊಣಕಾಲೆತ್ತರಕ್ಕೆ ಎತ್ತಿದರು. ಗಂಗಮ್ಮನವರನ್ನು ಮೊದಲು ಹೊರಗೆಳೆದುಕೊಂಡರು. ಆಸ್ಪತ್ರೆಯಲ್ಲಿ ಸಂಜೆವರೆಗೆ ಆಕ್ಸಿಜನ್ ಕೊಟ್ಟು ಇಬ್ಬರನ್ನೂ ಮನೆಗೆ ಕಳಿಸಿದರು. ಮೀನುಗಳಲ್ಲಿ ನಾಲ್ಕು ಸತ್ತವು, ಉಳಿದವು ಬದುಕಿದವು.

ವಾರದ ನಂತರ ಹೋಗಿ ವಾಷರಿನ ವಿಷಯ ಅವರಿಗೆ ಹೇಳಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಶಟರಿನ ಕಡೆ ನೋಡಿದರು.

“ಸರಪಳಿ ರಿಪೇರಿ ಮಾಡ್ಸದೆ ಬಿಟ್ಟಿದ್ದು ನಾನು. ನಿಂದೂ ತಪ್ಪು, ನಂದೂ ತಪ್ಪು. ಗ್ಯಾಸ್ ಬೇಡದ ಗಿಡ ಇದ್ರೆ ಹಾಕು,” ಎಂದರು.

ಗ್ಯಾಸಿಲ್ಲದೆ ನಿಧಾನವಾಗಿ ಬೆಳೆಯುವ ಗಿಡಗಳನ್ನು ಹಾಕಿಕೊಟ್ಟೆ. ಮೀನು ಹೇಗೆ ಉಸಿರಾಡುತ್ತಿದೆ ಎಂದು ನೋಡಿ ಟ್ಯಾಂಕಿನ ಆರೋಗ್ಯ ಹೇಳುತ್ತಿದ್ದ ನಾನು, ಅದೇ ಕೋಣೆಯಲ್ಲಿ ಉಸಿರಾಡುವ ಮನುಷ್ಯರನ್ನು ಗಮನಿಸಿರಲಿಲ್ಲ. ಈಗ ಯಾವ ಮನೆಗೆ ಹೋದರೂ ಮೊದಲು ಬಾಗಿಲು ತೆರೆಸುತ್ತೇನೆ, ಆಮೇಲಷ್ಟೇ ವಾಲ್ವ್ ಮುಟ್ಟುತ್ತೇನೆ. ಎಸಿ ತಂಪೆಲ್ಲ ಹೋಗುತ್ತದೆಂದು ಕೆಲವರು ಗೊಣಗುತ್ತಾರೆ. ಗೊಣಗಲಿ ಎಂದು ಬಿಡುತ್ತೇನೆ.